ಪಕ್ಕದ ಮನೆ ಪಾತಿಗೆ ಹೋಗುವ ಬೆಕ್ಕು: ಒಳಗೇ ಇಡುವುದೋ, ಹೊರಗೆ ಬಿಡುವುದೋ?

ಬೆಕ್ಕು ಕಾಂಪೌಂಡ್ ಹಾರಿ ಪಕ್ಕದವರ ಸೊಪ್ಪಿನ ಪಾತಿಯನ್ನೇ ಹುಡುಕುವುದು ಸಡಿಲವಾದ ಒಣ ಮಣ್ಣಿಗಾಗಿ. ಹೇತು ಮುಚ್ಚಲು ಅದು ಅನುಕೂಲ.

ಒಳಗೇ ಇಡುವುದಾದರೆ ಒಂದು ಬೆಕ್ಕಿಗೂ ಎರಡು ಮರಳಿನ ಟ್ರೇ ಬೇಕು, ಮರಳು 5ರಿಂದ 7 ಸೆಂ.ಮೀ. ಆಳ ಇರಲಿ. ಬಾಲ್ಕನಿಗೆ ಬಲೆ, ದಿನಕ್ಕೆರಡು ಹೊತ್ತು ಆಟ. ಹೊರಗೆ ಅಡ್ಡಾಡಿದ ಬೆಕ್ಕು ಮೊದಮೊದಲು ಬಾಗಿಲಲ್ಲಿ ಕೂಗುತ್ತದೆ. ಮರುಕಪಟ್ಟು ಒಮ್ಮೆ ಬಿಟ್ಟಿರೋ, ಕೂಗಿದರೆ ಬಾಗಿಲು ತೆರೆಯುತ್ತದೆಂದು ಕಲಿಯುತ್ತದೆ.

ಹೊರಗೆ ಬಿಡುವುದು ಸುಲಭ, ಹೊಣೆ ಮಾತ್ರ ಹೆಚ್ಚು. ದೂರು ಬರುವ ಮೊದಲೇ ಹೋಗಿ, "ಅಕ್ಕಾ, ನಮ್ಮ ಬೆಕ್ಕು ಪಾತಿ ಕೆದರಿದ್ರೆ ಒಂದು ಫೋನ್ ಮಾಡಿ, ನಾನೇ ಬಂದು ತೆಗೀತೀನಿ" ಅನ್ನಿ. ಅವರು ಒಪ್ಪಿದರೆ ಬಿತ್ತಿದ ಪಾತಿಯ ಮೇಲೆ ಕೋಳಿಬಲೆ ಹಾಸಿಕೊಡಿ. ಸಸಿಗಳು ಬಲೆಯ ಕಣ್ಣುಗಳಿಂದ ಮೇಲೆ ಬರುತ್ತವೆ, ಬೆಕ್ಕಿಗೆ ಕೆದರಲಾಗದು. ಖರ್ಚು ನಿಮ್ಮದೇ. ನಿಮ್ಮ ಅಂಗಳದ ಮೂಲೆಯಲ್ಲೂ ಒಣ ಮರಳು ಹಾಕಿ. ಬೆಕ್ಕು ಓಡಿಸಲೆಂದು ನ್ಯಾಫ್ತಲೀನ್ ಗುಳಿಗೆ (ನುಸಿಗುಳಿಗೆ) ಯಾರೂ ಇಡದಂತೆ ಕೇಳಿಕೊಳ್ಳಿ, ಅದು ಬೆಕ್ಕಿಗೆ ವಿಷ.

ಹೇಲನ್ನು ಅದೇ ದಿನ ತೆಗೆಯಲೇಬೇಕು. ಅದರಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಜೀವಿ ಇದ್ದರೆ 1ರಿಂದ 5 ದಿನಗಳಲ್ಲಿ ಸೋಂಕು ಹರಡುವ ಹಂತಕ್ಕೆ ಬರುತ್ತದೆ, ಗರ್ಭಿಣಿಯರ ಮಗುವಿಗೆ ಅಪಾಯ. ಪಕ್ಕದ ಮನೆಯಲ್ಲಿ ಬಸುರಿ ಇದ್ದರೆ, ಕೊತ್ತಂಬರಿ, ಪುದೀನ ಹಸಿಯಾಗಿ ತಿನ್ನುವವರಿದ್ದರೆ ನಮ್ಮ ಆಯ್ಕೆ ಒಂದೇ: ಒಳಗೇ ಇಡಿ.

ಯಾವುದನ್ನು ಆರಿಸಿದರೂ ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ತಪ್ಪಿಸಬೇಡಿ. ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕು ಅಲೆಯುವುದೂ ಗೋಡೆಗೆ ಉಚ್ಚೆ ಸಿಂಪಡಿಸುವುದೂ ಬಹಳ ಕಡಿಮೆ.