ಮಾತಿಗೆ ಐದು ಸ್ಟಾರ್, ಚಾರ್ಟ್‌ಗೆ ಒಂದು

ಮಗಳಿಗೆ ಏಳು ತಿಂಗಳು. ಹೃದಯದಲ್ಲಿ ದೊಡ್ಡ ರಂಧ್ರ, ವಿಎಸ್‌ಡಿ. ಹಾರ್ಟ್ ಫೇಲ್ಯೂರ್‌ಗೆ ಔಷಧಿ ನಡೆಯುತ್ತಿದೆ. ಆಪರೇಷನ್‌ಗೆ ಮುಂಚೆ ತೂಕ ಏರಲಿ ಅಂತ ಡಾಕ್ಟರು ಅದೇ ಆಸ್ಪತ್ರೆಯ ಡಯಟೀಶಿಯನ್ ಹತ್ತಿರ ಕಳಿಸಿದರು. ಬೆಂಗಳೂರಿನದೇ ಆಸ್ಪತ್ರೆ. ಹೆಸರು ಬರೆಯುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಹತ್ತು ಗಂಟೆ ಅಪಾಯಿಂಟ್‌ಮೆಂಟ್ ಅಂತ ಕೋಣನಕುಂಟೆಯಿಂದ ಬೆಳಗ್ಗೆಯೇ ಹೊರಟೆವು. ಒಳಗೆ ಕರೆದದ್ದು ಹನ್ನೆರಡೂಕಾಲಿಗೆ. ಹಾಲೂಡಿಸಲು ಪರದೆ ಇರುವ ಒಂದು ಮೂಲೆಯೂ ಇರಲಿಲ್ಲ.

ಮೇಡಂ ಮೊದಲು ಕೇಳಿದ್ದು ಏನು ತಿನ್ನಿಸ್ತೀರಿ ಅಂತಲ್ಲ. "ಒಂದ್ಸಲ ಕುಡಿಯೋಕೆ ಎಷ್ಟು ಹೊತ್ತು? ಹಣೆ ಬೆವರುತ್ತಾ?" ಮುಕ್ಕಾಲು ಗಂಟೆ, ತಲೆಗೂದಲೆಲ್ಲ ಒದ್ದೆ ಅಂದೆ. ಇವಳಿಗೆ ಹಾಲು ಕುಡಿಯುವುದೇ ದೊಡ್ಡ ಕೆಲಸ, ಕುಡಿದದ್ದು ಅದಕ್ಕೇ ಖರ್ಚಾಗುತ್ತಿದೆ ಅಂದರು. ಈ ವಯಸ್ಸಿಗೆ ಕೆಜಿಗೆ 80ರ ಆಸುಪಾಸು ಕ್ಯಾಲೊರಿ ಸಾಕು, ಇವಳಿಗೆ 120ರಿಂದ 150 ಬೇಕಂತೆ. ಹಾಗಂತ ಜಾಸ್ತಿ ಜಾಸ್ತಿ ಕುಡಿಸುವ ಹಾಗೂ ಇಲ್ಲ. ಅರ್ಧ ಗಂಟೆಗೆ ನಿಲ್ಲಿಸಿ, ಮೂರು ಗಂಟೆಗೊಮ್ಮೆ ಕೊಡಬೇಕು. ಸುಸ್ತಾದರೆ ಹಿಂಡಿದ ಹಾಲು, ಒಳಲೆಯಲ್ಲಿ. ರಾಗಿ ಸರಿ ನೀರು ನೀರಾಗಿರಬಾರದು, ಚಮಚದಿಂದ ಜಾರದಷ್ಟು ಗಟ್ಟಿ ಇರಬೇಕು. ಮೇಲೆ ಒಂದು ಟೀ ಚಮಚ ತುಪ್ಪ, ಅದರಲ್ಲೇ ಸುಮಾರು 40 ಕ್ಯಾಲೊರಿ.

ಅತ್ತೆ ಒಪ್ಪಲಿಲ್ಲ. ಹಾರ್ಟ್ ಕಾಯಿಲೆಗೆ ಯಾರಾದ್ರೂ ತುಪ್ಪ ಹಾಕ್ತಾರಾ ಅಂತ ಗಲಾಟೆ. ಮೇಡಂಗೇ ಫೋನ್ ಮಾಡಿ ಕೈಗೆ ಕೊಟ್ಟೆ. "ಅಮ್ಮಾ, ಆ ಪಥ್ಯ ನಮ್ಮ ನಿಮ್ಮಂಥೋರಿಗೆ, ಮಗೂಗಲ್ಲ." ಈಗ ತುಪ್ಪ ಕಾಯಿಸುವವರು ಅತ್ತೆಯೇ.

ಕೈಗೆ ಕೊಟ್ಟ ಚಾರ್ಟ್ ಮಾತ್ರ ಸುಮ್ನೆ. ಪೂರ್ತಿ ಇಂಗ್ಲಿಷ್, ಕಾರ್ನ್‌ಫ್ಲೇಕ್ಸ್, ಬ್ರೆಡ್. ಹಲ್ಲೇ ಬಂದಿಲ್ಲ ಮಗುವಿಗೆ! ಅದು ಬೀರುವಿನಲ್ಲಿದೆ.

ಎರಡನೇ ವಾರ ಎರಡೇ ದಿನಕ್ಕೆ 250 ಗ್ರಾಂ ಏರಿತು. ಖುಷಿಯಲ್ಲಿ ತಕ್ಕಡಿಯ ಫೋಟೊ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಕಣ್ರೆಪ್ಪೆ ಊದಿದೆಯಾ ನೋಡಿ. ಅದು ಮೈ ಅಲ್ಲ, ನೀರು. ಇವತ್ತೇ ಡಾಕ್ಟರ್‌ಗೆ ತೋರಿಸಿ." ಊದಿತ್ತು. ಡಾಕ್ಟರು ಯೂರಿನ್ ಹೋಗುವ ಔಷಧಿಯ ಪ್ರಮಾಣ ಬದಲಾಯಿಸಿದರು, ನೀರು ಇಳಿಯಿತು. ಆಮೇಲೆ ಮೂರು ವಾರದಲ್ಲಿ 4.9 ಕೆಜಿಯಿಂದ 5.3. ಇದು ನಿಜವಾದ ತೂಕ.

ಫೀಸು 500 ರೂಪಾಯಿ. ಹೋಗುವವರು ಒಳಲೆ, ಫ್ಲಾಸ್ಕ್‌ನಲ್ಲಿ ಬಿಸಿನೀರು, ಹೊದೆಯಲು ಒಂದು ದುಪಟ್ಟಾ ತಗೊಂಡು ಹೋಗಿ. ಕಾಯಬೇಕಾಗುತ್ತದೆ.