20 ಅಡಿಯೋ, 31 ಅಡಿಯೋ? ಎರಡು ಹಳೆಯ ನಾಡದೋಣಿಗಳು

ಒಂದನ್ನು ಕೊಳ್ಳಲೆಂದು ಗಂಗೊಳ್ಳಿಯ 20 ಅಡಿಯ ಫೈಬರ್ ದೋಣಿಯನ್ನೂ ಮರವಂತೆಯ 31 ಅಡಿಯದನ್ನೂ ಎರಡೆರಡು ದಿನ ಕಡಲಿಗಿಳಿಸಿ ನೋಡಿದೆ. ದೊಡ್ಡದರ ಬೆಲೆ ಸಣ್ಣದರ ಎರಡೂವರೆ ಪಟ್ಟು. ಆದರೆ ನನ್ನನ್ನು ತಡೆದದ್ದು ಬೆಲೆಯಲ್ಲ.

ಮೊದಲು ದೊಡ್ಡದರ ಮಾತು, ಮನಸ್ಸು ಮೊದಲಿನಿಂದಲೂ ಅದರ ಕಡೆಗೇ ಇತ್ತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇಳಿತದ ನೀರು ಹೊರಗೆ ನುಗ್ಗುತ್ತದೆ, ಎದುರಿನಿಂದ ತೆರೆ ಬರುತ್ತದೆ. ಎರಡೂ ಒಂದಕ್ಕೊಂದು ಗುದ್ದುವ ಆ ನೂರು ಮಾರು ಜಾಗದಲ್ಲೇ ದೋಣಿಯ ಗುಣ ತಿಳಿಯುವುದು. ದೊಡ್ಡದು ಮೂತಿ ಎತ್ತಿ ನಿಧಾನವಾಗಿ ಹತ್ತಿಳಿಯಿತು, ಒಳಗೆ ಒಂದು ಚೊಂಬು ನೀರೂ ಬೀಳಲಿಲ್ಲ. ಸಣ್ಣದರಲ್ಲಿ ಅದೇ ಜಾಗ ದಾಟುವಾಗ ತಮ್ಮ ಇಡೀ ಹೊತ್ತು ನೀರು ಮೊಗೆಯುತ್ತಲೇ ಇದ್ದ. ಈ ವಿಷಯದಲ್ಲಿ ಸಣ್ಣದರ ಪರವಾಗಿ ಹೇಳಲು ನನ್ನ ಬಳಿ ಏನೂ ಇಲ್ಲ.

ಎರಡಕ್ಕೂ 9.9 ಎಚ್‌ಪಿಯ ಮೋಟರೇ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ 10 ಎಚ್‌ಪಿಯೊಳಗಿನ ನಾಡದೋಣಿಗಳಿಗೆ ಮಾತ್ರ ಮೀನು ಹಿಡಿಯಲು ಅವಕಾಶವಿರುವುದರಿಂದ ಹೆಚ್ಚಿನವರು ಇದಕ್ಕೇ ನಿಲ್ಲುತ್ತಾರೆ. ಅದೇ ಮೋಟರು ಮೂವತ್ತು ಅಡಿ ಮೀರಿದ ದೋಣಿಯನ್ನು ತಳ್ಳುವಾಗ ಏದುಸಿರು ಬಿಡುತ್ತದೆ. ಒಂದೇ ದಾರಿಗೆ ಸಣ್ಣದು 8 ಲೀಟರ್ ಸೀಮೆಎಣ್ಣೆ ಕುಡಿದರೆ ದೊಡ್ಡದು 13 ಲೀಟರ್ ಕುಡಿಯಿತು. ದೊಡ್ಡದರ ಗೇರ್ ಆಯಿಲ್ ಬಿಚ್ಚಿ ನೋಡಿದರೆ ಹಾಲು ಬೆರೆಸಿದ ಚಹಾದ ಬಣ್ಣ. ಸೀಲ್ ಹೋಗಿ ನೀರು ಒಳಸೇರಿದೆ.

ಸಣ್ಣದರ ರೋಗ ಬೇರೆ ಕಡೆ ಇತ್ತು. ಮೋಟರು ತೂಗುಹಾಕುವ ಹಿಂದಿನ ಹಲಗೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತಾ ಹೋದೆ. ಅಂಚಿನಲ್ಲಿ ಟಣ್ ಎಂದದ್ದು ಬೋಲ್ಟುಗಳ ಸುತ್ತ ಡುಬ್ ಎಂದಿತು. ಒಂದು ಬೋಲ್ಟು ಬಿಚ್ಚಿಸಿದೆ. ತೂತಿನಿಂದ ಕಂದು ನೀರು ತೊಟ್ಟಿಕ್ಕಿತು. ಹೊರಗೆ ಹೊಳೆಯುವ ಬಣ್ಣ, ಒಳಗೆ ಪ್ಲೈವುಡ್ ಕೊಳೆತು ಮೆತ್ತಗಾಗಿತ್ತು. ಹಳೆಯ ಫೈಬರ್ ದೋಣಿ ಕೊಳ್ಳುವವರು ಬೇರೆ ಏನನ್ನು ಬಿಟ್ಟರೂ ಈ ಹಲಗೆಯನ್ನು ಬಡಿದು ನೋಡದೆ ಮುಂಗಡ ಕೊಡಬಾರದು. ತೆರೆಯ ನಡುವೆ ಅದು ಕಿತ್ತುಬಂದರೆ ಮೋಟರಷ್ಟೇ ಹೋಗುವುದಿಲ್ಲ.

ಕಾಗದಪತ್ರ ಎರಡರದ್ದೂ ಸರಿಯಿತ್ತು.

ಕೊನೆಗೆ ತೀರ್ಮಾನವಾದದ್ದು ದೊಡ್ಡ ದೋಣಿಯ ಎರಡನೆಯ ದಿನ. ಅದಕ್ಕೆ ಐದು ಜನ ಬೇಕು. ಒಬ್ಬ ಮದುವೆಗೆ ಹೋಗಿದ್ದ, ಇನ್ನೊಬ್ಬನಿಗೆ ಜ್ವರ. ಬೆಳಗಿನ ನಾಲ್ಕಕ್ಕೆ ಹೊರಡಬೇಕಾದ ದೋಣಿ ಎಂಟರವರೆಗೆ ಮರಳಿನ ಮೇಲೆಯೇ ಕುಳಿತಿತ್ತು. ಅಷ್ಟರಲ್ಲಿ ಬೇರೆಯವರ ಬಂಗುಡೆ ದಕ್ಕೆಗೆ, ಅಂದರೆ ದೋಣಿ ನಿಲ್ಲುವ ಕಟ್ಟೆಗೆ, ಬಂದು ಹರಾಜೂ ಮುಗಿದಿತ್ತು. ಮನೆಯಲ್ಲಿ ನಾವು ಇಬ್ಬರೇ, ನಾನು ಮತ್ತು ತಮ್ಮ. ಸಣ್ಣ ದೋಣಿಯಲ್ಲಿ ಇಬ್ಬರೇ ಕಂತಬಲೆ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಬಿಟ್ಟು ಎಳೆಯಬಹುದು, ಯಾರ ಬಾಗಿಲನ್ನೂ ತಟ್ಟಬೇಕಿಲ್ಲ.

ಸಣ್ಣದನ್ನೇ ಕೊಂಡೆ. ಹಲಗೆಯ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆದುಕೊಟ್ಟರು. ಮಳೆಗಾಲದ ಕಡಲಿಗೆ ಅದನ್ನು ಇಳಿಸುವುದಿಲ್ಲ. ಆ ಎರಡು ತಿಂಗಳು ಮರವಂತೆಯ ಆ ದೊಡ್ಡ ದೋಣಿಯಲ್ಲೇ ಪಾಲಿನ ಲೆಕ್ಕದಲ್ಲಿ ನಾವಿಬ್ಬರೂ ಹೋಗುವುದೆಂದು ಅದರ ಮಾಲೀಕರೊಂದಿಗೆ ಮಾತಾಗಿದೆ. ಗೇರಿನ ಸೀಲ್ ಬದಲಿಸಿದ ಮೇಲೆಯೇ ಹತ್ತುವೆವು ಎಂದೂ ಹೇಳಿದ್ದೇನೆ.