ಕೋಹಾ ಹಾಕಿಕೊಳ್ಳಿ, ಆದರೆ ಕಲಿತು ಹಾಕಿಕೊಳ್ಳಿ

"ಕೋಹಾ ಸಾಫ್ಟ್‌ವೇರ್ ಹೇಗಿದೆ ಮೇಡಂ, ನಮ್ಮ ಕೈಲಿ ಆಗುತ್ತಾ?" ಸಣ್ಣ ಊರಿನ ಕಾಲೇಜು ಲೈಬ್ರರಿಗಳಲ್ಲಿ ಕೆಲಸ ಮಾಡುವ ಗೆಳೆಯರು ಫೋನ್ ಮಾಡಿದಾಗಲೆಲ್ಲ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಆಗುತ್ತೆ. ಖಂಡಿತ ಆಗುತ್ತೆ. ನಾನು ಓದಿದ್ದು ಲೈಬ್ರರಿ ಸೈನ್ಸ್, ಕಂಪ್ಯೂಟರ್ ಅಲ್ಲ. ಬಂದ ಪುಸ್ತಕಗಳಿಗೆ ನಂಬರ್ ಕೊಟ್ಟು ಬರೆದಿಡುವ ಆಕ್ಸೆಷನ್ ರಿಜಿಸ್ಟರ್, ಕ್ಯಾಟಲಾಗ್ ಕಾರ್ಡ್, ಬುಕ್ ಪಾಕೆಟ್, ಡೇಟ್ ಸ್ಲಿಪ್, ಇವುಗಳ ನಡುವೆಯೇ ವರ್ಷಗಳನ್ನು ಕಳೆದವಳು. ಈಗ ನಮ್ಮ ಇಡೀ ಲೈಬ್ರರಿ ಕೋಹಾದಲ್ಲಿ ನಡೆಯುತ್ತಿದೆ. ಆದರೆ "ಫ್ರೀ ಸಾಫ್ಟ್‌ವೇರ್, ಇನ್‌ಸ್ಟಾಲ್ ಮಾಡಿದರೆ ಮುಗೀತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕೋಹಾ ಅನ್ನುವುದು ಲೈಬ್ರರಿಯ ಎಲ್ಲ ಕೆಲಸವನ್ನೂ ಬ್ರೌಸರ್‌ನಲ್ಲೇ ಮಾಡುವ ಸಾಫ್ಟ್‌ವೇರ್. ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು, ಕ್ಯಾಟಲಾಗ್, ಖರೀದಿ, ಪತ್ರಿಕೆಗಳು, ವರದಿಗಳು ಎಲ್ಲ ಒಂದೇ ಕಡೆ. ನ್ಯೂಜಿಲೆಂಡಿನ ಹೊರೋಫೆನುವಾ ಅನ್ನುವ ಪ್ರದೇಶದ ಸಾರ್ವಜನಿಕ ಲೈಬ್ರರಿಗಳಿಗಾಗಿ 1999ರಲ್ಲಿ ಕಟಿಪೋ ಅನ್ನುವ ಸಣ್ಣ ಕಂಪನಿ ಇದನ್ನು ಬರೆಯಿತು. 2000 ಇಸವಿ ಬಂದರೆ ಅವರ ಹಳೆಯ ವ್ಯವಸ್ಥೆ ಕೈಕೊಡುತ್ತಿತ್ತು, ಹೊಸದು ಬೇಕಿತ್ತು. ಬರೆದಿದ್ದನ್ನು ತಾವೇ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೇ ಇವತ್ತು ನಮ್ಮಂಥ ತಾಲೂಕು ಕೇಂದ್ರದ ಕಾಲೇಜೂ ಒಂದು ರೂಪಾಯಿ ಲೈಸೆನ್ಸ್ ಫೀಸ್ ಕಟ್ಟದೆ ಬಳಸಬಹುದು. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬರುತ್ತದೆ. 23.11 ಅಂದರೆ 2023ರ ನವೆಂಬರಿನದು ಅಂತ ನಂಬರ್ ನೋಡಿದರೇ ಗೊತ್ತಾಗುತ್ತದೆ.

ನಮ್ಮಲ್ಲಿ ಮೊದಲು ದುಡ್ಡು ಕೊಟ್ಟು ತಂದ ಒಂದು ಸಾಫ್ಟ್‌ವೇರ್ ಇತ್ತು. ಮಾಡಿಕೊಟ್ಟವರು ಎರಡು ವರ್ಷ ಚೆನ್ನಾಗಿಯೇ ನೋಡಿಕೊಂಡರು. ಆಮೇಲೆ ಫೋನ್ ಎತ್ತುವುದನ್ನು ನಿಲ್ಲಿಸಿದರು. ಕಂಪ್ಯೂಟರ್ ಬದಲಾಯಿಸಿದ ದಿನ ಅದು ಓಪನ್ನೇ ಆಗಲಿಲ್ಲ. ನಾವು ಕೈಯಾರೆ ಟೈಪ್ ಮಾಡಿದ್ದ ಅಷ್ಟೂ ಪುಸ್ತಕಗಳ ಮಾಹಿತಿ ಅದರೊಳಗೇ ಉಳಿಯಿತು, ನಮಗೆ ಓದಲು ಬಾರದ ಫೈಲಿನಲ್ಲಿ. ಕೊನೆಗೆ ಆಕ್ಸೆಷನ್ ರಿಜಿಸ್ಟರ್ ತೆಗೆದು ಮೊದಲ ಪುಟದಿಂದ ಶುರು ಮಾಡಬೇಕಾಯಿತು. ಕೋಹಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ ಕಾರಣಕ್ಕೆ: ಪುಸ್ತಕದ ಮಾಹಿತಿ ಮಾರ್ಕ್ 21 ಅನ್ನುವ, ಪ್ರಪಂಚದ ಬಹಳಷ್ಟು ಲೈಬ್ರರಿಗಳು ಒಪ್ಪಿದ ರೂಪದಲ್ಲಿ ಕೂರುತ್ತದೆ. ನಾಳೆ ಕೋಹಾ ಬೇಡ ಅನಿಸಿದರೂ ಪೂರ್ತಿ ಡೇಟಾ ಎಕ್ಸ್‌ಪೋರ್ಟ್ ಮಾಡಿಕೊಂಡು ಎದ್ದು ಹೋಗಬಹುದು. ಯಾರ ಫೋನಿಗೂ ಕಾಯಬೇಕಿಲ್ಲ.

ಕೌಂಟರ್ ಕೆಲಸದ ಬಗ್ಗೆ ಹೇಳುವುದಾದರೆ, ಇದಕ್ಕಿಂತ ಸುಲಭ ಇರಲಾರದು. ಆಲ್ಟ್ ಮತ್ತು ಯು ಒತ್ತಿದರೆ ಪುಸ್ತಕ ಕೊಡುವ ಬಾಕ್ಸ್, ಆಲ್ಟ್ ಮತ್ತು ಆರ್ ಒತ್ತಿದರೆ ವಾಪಸ್ ತಗೊಳ್ಳುವ ಬಾಕ್ಸ್. ಹುಡುಗನ ಐಡಿ ಕಾರ್ಡಿನ ಬಾರ್‌ಕೋಡ್, ಆಮೇಲೆ ಪುಸ್ತಕದ ಬಾರ್‌ಕೋಡ್, ಎರಡು ಬೀಪ್, ಮುಗೀತು. ನಮ್ಮ ಅಟೆಂಡರ್ ಅಣ್ಣ ಒಂದೇ ಬೆಳಗ್ಗೆಯಲ್ಲಿ ಕಲಿತುಬಿಟ್ಟರು. ಈಗ ಊಟದ ಬಿಡುವಿನಲ್ಲಿ ಕೌಂಟರ್ ಮುಂದೆ ಹುಡುಗರು ತುಂಬಿದರೂ ಅವರೊಬ್ಬರೇ ನಿಭಾಯಿಸುತ್ತಾರೆ. ಬಾರ್‌ಕೋಡ್ ಸ್ಟಿಕ್ಕರ್ ಮತ್ತು ಪುಸ್ತಕದ ಬೆನ್ನಿಗೆ ಅಂಟಿಸುವ ಲೇಬಲ್ ಪ್ರಿಂಟ್ ಮಾಡುವ ಸೌಲಭ್ಯವೂ ಒಳಗೇ ಇದೆ. ಬೇರೆ ಸಾಫ್ಟ್‌ವೇರ್ ಬೇಕಿಲ್ಲ.

ಕೌಂಟರಿನ ಹಿಂದಿರುವ ನಿಯಮಗಳನ್ನು ಕೂರಿಸುವುದು ಮಾತ್ರ ತಾಳ್ಮೆ ಕೇಳುತ್ತದೆ. ಯಾವ ಬಗೆಯ ಓದುಗರಿಗೆ ಯಾವ ಬಗೆಯ ಪುಸ್ತಕ ಎಷ್ಟು ದಿನ, ಎಷ್ಟು ಸಲ ರಿನ್ಯೂವಲ್, ದಿನಕ್ಕೆ ಎಷ್ಟು ಫೈನ್, ಇದನ್ನೆಲ್ಲ ಒಂದು ದೊಡ್ಡ ಟೇಬಲ್‌ನಲ್ಲಿ ತುಂಬಬೇಕು. ಮೊದಲು ಹಾಳೆಯ ಮೇಲೆ ಬರೆದುಕೊಂಡು, ಪ್ರಿನ್ಸಿಪಾಲರ ಹತ್ತಿರ ಸಹಿ ಹಾಕಿಸಿಕೊಂಡು, ಆಮೇಲೆ ಕೂರಿಸಿ. ರಜೆಯ ಕ್ಯಾಲೆಂಡರ್ ಅಂತೂ ಮರೆಯಲೇಬೇಡಿ, ಇಲ್ಲದಿದ್ದರೆ ದಸರಾ ರಜೆಗೂ ಮಕ್ಕಳಿಗೆ ಫೈನ್ ಬೀಳುತ್ತದೆ. ಭಾನುವಾರವನ್ನು ಒಂದು ಸಲ ಹಾಕಿದರೆ ಎಲ್ಲ ವಾರಕ್ಕೂ ಆಗುತ್ತದೆ. ನವೆಂಬರ್ 1, ಅಕ್ಟೋಬರ್ 2 ಇಂಥವು ಪ್ರತಿ ವರ್ಷ ತಾವಾಗೇ ಬರುವಂತೆ ಮಾಡಬಹುದು. ಆದರೆ "ತಿಂಗಳ ಎರಡನೇ ಶನಿವಾರ" ಅಂತ ಹೇಳುವ ದಾರಿಯೇ ಇಲ್ಲ! ಹನ್ನೆರಡು ತಿಂಗಳಿನ ಹನ್ನೆರಡು ತಾರೀಖನ್ನೂ ಒಂದೊಂದಾಗಿ ಹಾಕಬೇಕು. ಯುಗಾದಿ, ಗಣೇಶ ಹಬ್ಬ, ರಂಜಾನ್ ಎಲ್ಲ ಹಾಗೇ. ಹೊಸ ವರ್ಷದ ಸರ್ಕಾರಿ ರಜೆ ಪಟ್ಟಿ ಬಂದ ದಿನವೇ ಕೂತು ಹಾಕಿಬಿಟ್ಟರೆ ವರ್ಷವಿಡೀ ನೆಮ್ಮದಿ.

ಇನ್ನು ಕನ್ನಡ. ನನ್ನ ಅರ್ಧ ಶ್ರಮ ಹೋಗಿದ್ದು ಇಲ್ಲಿಯೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಇಂಗ್ಲಿಷ್ ಪುಸ್ತಕವಾದರೆ ಹಿಂಬದಿಯ ಗುರುತಿನ ನಂಬರ್, ಅಂದರೆ ಐಎಸ್‌ಬಿಎನ್ ಹಾಕಿ, ಬೇರೆ ಲೈಬ್ರರಿಗಳ ಕ್ಯಾಟಲಾಗಿನಿಂದ ಮಾಹಿತಿ ತರುವ ಝಡ್ 39.50 ಅನ್ನುವ ಸೌಲಭ್ಯದ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹುಡುಕಿದರೆ ರೆಡಿ ರೆಕಾರ್ಡ್ ಬರುತ್ತದೆ. ಲೇಖಕರು, ಶೀರ್ಷಿಕೆ, ವಿಷಯ, ವಿಷಯದ ಪ್ರಕಾರ ಪುಸ್ತಕ ಜೋಡಿಸಲು ಬಳಸುವ ಡ್ಯೂಯಿ ನಂಬರ್ ಎಲ್ಲ ತುಂಬಿಕೊಂಡೇ ಬರುತ್ತದೆ. ನಾವು ಆಕ್ಸೆಷನ್ ನಂಬರ್ ಮತ್ತು ಬೆಲೆ ಸೇರಿಸಿದರೆ ಸಾಕು. ಕನ್ನಡ ಪುಸ್ತಕಕ್ಕೆ ಆ ಸುಖ ಇಲ್ಲ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ನೇ ಇರುವುದಿಲ್ಲ. ಅಲ್ಲಿ ಸಿಕ್ಕರೂ ಶೀರ್ಷಿಕೆ ರೋಮನ್ ಅಕ್ಷರದಲ್ಲಿ, ಮೇಲೆ ಗೆರೆ ಕೆಳಗೆ ಚುಕ್ಕೆ ಇಟ್ಟುಕೊಂಡು ಬರುತ್ತದೆ. ನಮ್ಮ ಹುಡುಗರು ಹಾಗೆ ಟೈಪ್ ಮಾಡಿ ಹುಡುಕುವವರಲ್ಲ. ಹಾಗಾಗಿ ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು, ಶೀರ್ಷಿಕೆ ಪುಟ ನೋಡಿ, ನಾವೇ ಕನ್ನಡದಲ್ಲಿ ತುಂಬಬೇಕು. ಬೇರೆ ದಾರಿ ಇಲ್ಲ.

ಹಳೆಯ ಪಟ್ಟಿ ಎಕ್ಸೆಲ್‌ನಲ್ಲಿ ಇದ್ದವರಿಗೆ ಒಂದು ಎಚ್ಚರಿಕೆ. ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ವಿಚಿತ್ರ ರೋಮನ್ ಚಿಹ್ನೆಗಳು. ಫಾಂಟ್ ಬದಲಾಯಿಸಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಮೊದಲು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಪರಿವರ್ತಿಸಿ. ಆಮೇಲೆ ಮಾರ್ಕ್‌ಎಡಿಟ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಎಕ್ಸೆಲ್ ಕಾಲಂಗಳನ್ನು ಮಾರ್ಕ್ ಫೀಲ್ಡ್‌ಗಳಿಗೆ ಜೋಡಿಸಿ: ಲೇಖಕರು 100ಕ್ಕೆ, ಶೀರ್ಷಿಕೆ 245ಕ್ಕೆ, ಪ್ರಕಾಶಕರು 260ಕ್ಕೆ, ನಮ್ಮ ಪ್ರತಿಯ ವಿವರ 952ಕ್ಕೆ. ಆ ಫೈಲನ್ನು ಕೋಹಾಗೆ ಕೊಟ್ಟರೆ ಸಾವಿರಾರು ಪುಸ್ತಕಗಳು ಒಟ್ಟಿಗೆ ಒಳಗೆ ಹೋಗುತ್ತವೆ.

ಅದಕ್ಕೂ ಮೊದಲು ಸೊನ್ನೆಗಳನ್ನು ನೋಡಿ. ಹೊರಗಿನ ಡಿಟಿಪಿಯವರಿಂದ ಟೈಪ್ ಮಾಡಿಸಿದ ನಮ್ಮ ಪಟ್ಟಿಯಲ್ಲಿ "ಕುವೆಂಪು" ಅಂತ ಹುಡುಕಿದರೆ ಕೆಲವು ಪುಸ್ತಕ ಮಾತ್ರ ಬರುತ್ತಿದ್ದವು. ಶೆಲ್ಫಿನಲ್ಲಿ ಸಾಲಾಗಿ ನಿಂತಿವೆ, ಪರದೆಯ ಮೇಲೆ ಇಲ್ಲ. ಹೆಸರನ್ನು ಎಷ್ಟು ಸಲ ನೋಡಿದರೂ ಅಕ್ಷರ ಸರಿಯಾಗಿಯೇ ಇತ್ತು. ಆಮೇಲೆ ಒಂದೊಂದೇ ಅಕ್ಷರ ಅಳಿಸುತ್ತಾ ಹೋದಾಗ ತಿಳಿಯಿತು: ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. "ಕುವೆ೦ಪು" ಮತ್ತು "ಕುವೆಂಪು", ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇಂಥದ್ದು ಒಂದೆರಡಲ್ಲ, ಸಂಪುಟ, ಸಂಚಿಕೆ, ಬೆಂಗಳೂರು ಎಲ್ಲದರಲ್ಲೂ. ಎಕ್ಸೆಲ್‌ನಲ್ಲೇ ಫೈಂಡ್ ಅಂಡ್ ರಿಪ್ಲೇಸ್ ಮಾಡಿದರೆ ಹೋಗುತ್ತದೆ. ಇಸವಿಯನ್ನು ಕನ್ನಡ ಅಂಕಿಯಲ್ಲಿ ಬರೆದ ಕಾಲಂ ಇದ್ದರೆ ಅದನ್ನು ಮಾತ್ರ ಬಿಟ್ಟು ಮಾಡಿ.

ಇನ್ನೊಂದು, ಸರ್ವರ್ ಕೂರಿಸುವವರಿಗೆ ಮೊದಲೇ ಹೇಳಬೇಕಾದದ್ದು. ಕೋಹಾದ ಹುಡುಕಾಟ ಝೀಬ್ರಾ ಅನ್ನುವ ಇಂಡೆಕ್ಸ್ ಮೇಲೆ ನಡೆಯುತ್ತದೆ. ಅದು ಮೊದಲಿಗೆ ಇಂಗ್ಲಿಷಿನಂಥ ಲಿಪಿಗಳಿಗೆ ಹೊಂದಿಸಿಕೊಂಡು ಬಂದಿರುತ್ತದೆ. ಕನ್ನಡ ಸರಿಯಾಗಿ ಹುಡುಕಲು ಐಸಿಯು ಅನ್ನುವ ಆಯ್ಕೆಗೆ ಬದಲಾಯಿಸಿ, ಮತ್ತೆ ಇಂಡೆಕ್ಸ್ ಮಾಡಿಸಬೇಕು. "ಕೋಹಾದಲ್ಲಿ ಕನ್ನಡ ಹುಡುಕಕ್ಕೆ ಆಗಲ್ಲ" ಅಂತ ಬೈಯುವವರು ಮೊದಲು ಇದೊಂದನ್ನು ನೋಡಿ. ಪರದೆಯ ಮೆನುಗಳನ್ನು ಕನ್ನಡಕ್ಕೆ ತಿರುಗಿಸುವ ಭಾಷಾ ಪ್ಯಾಕ್ ಕೂಡ ಇದೆ. ಆದರೆ ಅನುವಾದ ಪೂರ್ತಿ ಆಗಿಲ್ಲ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ. ಅನುವಾದಕ್ಕೆ ಯಾರು ಬೇಕಾದರೂ ಕೈಜೋಡಿಸಬಹುದು. ನಮ್ಮ ಲೈಬ್ರರಿ ಸೈನ್ಸ್ ವಿಭಾಗಗಳ ಮಕ್ಕಳಿಗೆ ಇದನ್ನೇ ಪ್ರಾಜೆಕ್ಟ್ ಆಗಿ ಕೊಟ್ಟರೆ ಎಷ್ಟು ಒಳ್ಳೆಯದು, ಅಲ್ವಾ?

ಲೇಖಕರ ಹೆಸರಿಗೆ ಅಥಾರಿಟಿ ರೆಕಾರ್ಡ್ ಮಾಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಒಂದು ಪುಸ್ತಕದ ಮೇಲೆ ಕುವೆಂಪು, ಇನ್ನೊಂದರ ಮೇಲೆ ಕೆ.ವಿ. ಪುಟ್ಟಪ್ಪ. ಓದುಗನಿಗೆ ಇಬ್ಬರೂ ಒಬ್ಬರೇ ಅಂತ ಗೊತ್ತಿರಬಹುದು, ಕೋಹಾಗೆ ನಾವು ಹೇಳಬೇಕು. ಒಂದು ಹೆಸರನ್ನು ಮುಖ್ಯ ಅಂತ ಇಟ್ಟು, ಉಳಿದವನ್ನು "ಇದನ್ನು ನೋಡಿ" ಅಂತ ಜೋಡಿಸಿದರೆ ಯಾವ ಹೆಸರಿನಿಂದ ಬಂದವರಿಗೂ ದಾರಿ ಸಿಗುತ್ತದೆ. ಓದುಗರ ಸಮಯ ಉಳಿಸಿ ಅನ್ನುವುದು ನಮ್ಮ ಲೈಬ್ರರಿ ಸೈನ್ಸಿನ ಪಿತಾಮಹ ರಂಗನಾಥನ್ ಅವರ ನಾಲ್ಕನೇ ಸೂತ್ರ, ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಅದನ್ನು ಪಾಲಿಸುವ ಜಾಗ ಇದು. ನಮ್ಮ ಕನ್ನಡ ಎಂಎ ಹುಡುಗಿಯೊಬ್ಬಳು ಹಾಸ್ಟೆಲ್‌ನಲ್ಲಿ ಕೂತು ಮೊಬೈಲ್‌ನಲ್ಲೇ ಕ್ಯಾಟಲಾಗ್ ನೋಡಿ, ಪುಸ್ತಕ ಶೆಲ್ಫಿನಲ್ಲಿ ಎಲ್ಲಿದೆ ಅಂತ ತಿಳಿಸುವ ಕಾಲ್ ನಂಬರ್ 894.814 ಅಂತ ಬರೆದುಕೊಂಡು ಬಂದು, ನನ್ನನ್ನು ಏನೂ ಕೇಳದೆ ನೇರ ಶೆಲ್ಫಿಗೆ ಹೋದಳು. ಅವತ್ತು ನನಗಾದ ಖುಷಿ ಹೇಳಲಾರೆ.

ವರದಿಗಳ ವಿಷಯದಲ್ಲಿ ಪೂರ್ತಿ ಅಂಕ ಕೊಡುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ಲೈಬ್ರರಿ ಆಟೊಮೇಷನ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಯಾವ ವಿಭಾಗದ ಪುಸ್ತಕ ಎಷ್ಟು, ಕಳೆದ ವರ್ಷ ಎಷ್ಟು ಕೊಟ್ಟಿರಿ, ಯಾವ ಪುಸ್ತಕ ಯಾರೂ ಮುಟ್ಟಿಲ್ಲ, ಎಲ್ಲಕ್ಕೂ ವರದಿ ತೆಗೆಯಬಹುದು. ಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಭಾಷೆ ಗೊತ್ತಿರಬೇಕು ಅಂತ ಹೆದರಬೇಡಿ. ಕೋಹಾ ವಿಕಿಯಲ್ಲಿ ಬೇರೆ ಬೇರೆ ದೇಶದ ಲೈಬ್ರರಿಯವರು ಬರೆದಿಟ್ಟ ವರದಿಗಳ ದೊಡ್ಡ ರಾಶಿಯೇ ಇದೆ. ಬೇಕಾದ್ದನ್ನು ಕಾಪಿ ಮಾಡಿ, ತಾರೀಖು ಬದಲಾಯಿಸಿ, ಸೇವ್ ಮಾಡಿಕೊಳ್ಳಿ. ಫೈನಲ್ ಇಯರ್ ಮಕ್ಕಳಿಗೆ ನೋ ಡ್ಯೂ ಕೊಡುವ ಸಮಯದಲ್ಲಿ, ಮೊದಲು ಲೆಡ್ಜರ್ ತಿರುವಿ ತಿರುವಿ ಬೆರಳು ನೋಯುತ್ತಿತ್ತು. ಈಗ ಹೆಸರು ಹಾಕಿದರೆ ಬಾಕಿ ಇದೆಯೋ ಇಲ್ಲವೋ ಎದುರಿಗೇ ಇರುತ್ತದೆ.

ಈಗ ಕಷ್ಟದ ವಿಷಯ. ಕೋಹಾ ಓಡುವುದು ಲಿನಕ್ಸ್ ಮೇಲೆ, ಡೆಬಿಯನ್ ಅಥವಾ ಉಬುಂಟು. ವಿಂಡೋಸ್ ಬಿಟ್ಟು ಬೇರೆ ನೋಡದವರಿಗೆ ಆ ಕಪ್ಪು ಪರದೆ ಭಯ ಹುಟ್ಟಿಸುತ್ತದೆ. ಇನ್‌ಸ್ಟಾಲ್ ಮಾಡಲು ಕಂಪ್ಯೂಟರ್ ಸೈನ್ಸ್ ವಿಭಾಗದ ಮೇಷ್ಟ್ರ ಸಹಾಯ ತೆಗೆದುಕೊಳ್ಳಿ, ಆದರೆ ಪಕ್ಕದಲ್ಲೇ ಕೂತು ಪ್ರತಿ ಕಮಾಂಡ್ ಬರೆದುಕೊಳ್ಳಿ. ಅವರಿಗೆ ವರ್ಗಾವಣೆ ಆದರೆ ನಿಮ್ಮ ಹತ್ತಿರ ಉಳಿಯುವುದು ಆ ನೋಟ್‌ಬುಕ್ ಮಾತ್ರ. ಬ್ಯಾಕಪ್ ಅಂತೂ ನಿಮ್ಮದೇ ಜವಾಬ್ದಾರಿ. ಕೋಹಾ ದಿನವೂ ತಾನೇ ಬ್ಯಾಕಪ್ ತೆಗೆಯುತ್ತದೆ, ನಿಜ. ಆದರೆ ಏನೂ ಬದಲಾಯಿಸದಿದ್ದರೆ ಎರಡು ದಿನದ್ದನ್ನು ಮಾತ್ರ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತದೆ, ಅದೂ ಅದೇ ಕಂಪ್ಯೂಟರಿನ ಒಳಗೆ. ಹಾರ್ಡ್ ಡಿಸ್ಕ್ ಹೋದರೆ ಬ್ಯಾಕಪ್ಪೂ ಜೊತೆಗೇ ಹೋಗುತ್ತದೆ. ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಲೈಬ್ರರಿಯಲ್ಲಿ ಇಡದೆ ಆಫೀಸಿನ ಬೀರುವಿನಲ್ಲಿ ಇಡಿ. ಯುಪಿಎಸ್ ಇಲ್ಲದೆ ಸರ್ವರ್ ಓಡಿಸಲೇಬೇಡಿ, ನಮ್ಮ ಕಡೆಯ ಕರೆಂಟ್ ಗೊತ್ತಲ್ಲ.

ಪುಸ್ತಕ ತಡವಾದರೆ ನೆನಪಿಸುವ ಸಂದೇಶ ಇಮೇಲ್‌ನಲ್ಲಿ ಆರಾಮಾಗಿ ಹೋಗುತ್ತದೆ. ಎಸ್‌ಎಂಎಸ್ ಮಾತ್ರ ತಲೆನೋವು. ಅದಕ್ಕೆ ಬೇರೆ ಗೇಟ್‌ವೇಗೆ ದುಡ್ಡು ಕಟ್ಟಬೇಕು, ಬೇಡದ ಸಂದೇಶಗಳನ್ನು ತಡೆಯುವ ನಮ್ಮ ದೇಶದ ಡಿಎಲ್‌ಟಿ ನಿಯಮದ ಪ್ರಕಾರ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ಸಣ್ಣ ಕಾಲೇಜಿಗೆ ಅಷ್ಟು ತಾಪತ್ರಯ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇ-ಗ್ರಂಥಾಲಯ, ಸೋಲ್ ಅನ್ನುವ ಬೇರೆ ಲೈಬ್ರರಿ ಸಾಫ್ಟ್‌ವೇರ್‌ಗಳು ಬೇಡವಾ ಅಂತ ಕೇಳುತ್ತೀರಿ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿಯವರ ಇ-ಗ್ರಂಥಾಲಯದಲ್ಲಿ ಸರ್ವರ್ ಚಿಂತೆ ನಿಮಗಿಲ್ಲ, ಸರ್ಕಾರಿ ಲೈಬ್ರರಿಯಲ್ಲಿ ಒಬ್ಬರೇ ಇದ್ದು ಯಾರ ಸಹಾಯವೂ ಸಿಗದು ಅನ್ನುವವರಿಗೆ ಅದೇ ಒಳ್ಳೆಯದು. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನ ಸೋಲ್ ನಮ್ಮ ಕಾಲೇಜುಗಳಿಗೆ ಹಳೆಯ ಪರಿಚಯ, ಚೆನ್ನಾಗಿ ನಡೆಯುತ್ತಿದ್ದರೆ ಸುಮ್ನೆ ಬದಲಾಯಿಸುವ ಅಗತ್ಯ ಇಲ್ಲ. ನಮ್ಮ ಲೈಬ್ರರಿ ಹೇಗಿರಬೇಕೋ ಹಾಗೆ ನಾವೇ ತಿದ್ದಿಕೊಳ್ಳಬೇಕು ಅನ್ನುವವರಿಗೆ ಕೋಹಾ.

ಕಲಿಯಲು ದುಡ್ಡು ಖರ್ಚು ಮಾಡಬೇಕಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕೋಹಾ ಮೇಲೆ ಒಂದು ಸರಣಿಯೇ ಇದೆ, ಒಂದೊಂದು ಪಾಠ ಚಿಕ್ಕದು, ನಿಲ್ಲಿಸಿ ನಿಲ್ಲಿಸಿ ಜೊತೆಗೇ ಮಾಡುತ್ತಾ ಹೋಗಬಹುದು. ಕೋಹಾದವರ ಕೈಪಿಡಿಯೂ ಉಚಿತ. ಒಂದು ಹಳೆಯ ಕಂಪ್ಯೂಟರಿನಲ್ಲಿ ಪ್ರಯೋಗಕ್ಕೆ ಅಂತಲೇ ಹಾಕಿಕೊಂಡು, ಒಂದು ಶೆಲ್ಫಿನ ಪುಸ್ತಕಗಳನ್ನು ಮಾತ್ರ ಹಾಕಿ, ಸಹೋದ್ಯೋಗಿಗಳನ್ನೇ ಓದುಗರಾಗಿ ಮಾಡಿ, ಕೊಟ್ಟು ತಗೊಂಡು ನೋಡಿ. ಕೈ ಕುದುರಿದ ಮೇಲೆ ಬೇಸಿಗೆ ರಜೆಯಲ್ಲಿ ಪೂರ್ತಿ ಲೈಬ್ರರಿಗೆ ಹಾಕಿ. ಸೆಮಿಸ್ಟರ್ ನಡುವೆ ಶುರು ಮಾಡಬೇಡಿ. ಹಳೆಯ ಆಕ್ಸೆಷನ್ ನಂಬರನ್ನೇ ಬಾರ್‌ಕೋಡ್ ನಂಬರ್ ಆಗಿ ಇಟ್ಟುಕೊಳ್ಳಿ, ರಿಜಿಸ್ಟರಿಗೂ ಕೋಹಾಗೂ ತಾಳೆ ನೋಡುವಾಗ ಬಹಳ ಅನುಕೂಲ. ಒಂದು ಸ್ಟಿಕ್ಕರ್ ಶೀರ್ಷಿಕೆ ಪುಟದಲ್ಲಿ, ಇನ್ನೊಂದು ಒಳಗಿನ ಯಾವುದಾದರೂ ನಿಗದಿತ ಪುಟದಲ್ಲಿ ಅಂಟಿಸಿ. ರಟ್ಟಿನ ಮೇಲೆ ಮಾತ್ರ ಅಂಟಿಸಿದರೆ ಬೈಂಡಿಂಗಿಗೆ ಹೋದಾಗ ಅದೂ ಹೋಗುತ್ತದೆ.